ಮುದ್ದಣ್ಣನ ಮೈಕ್

ಬೆಳಿಗ್ಗೆ ಎಂದಿನ ಹಾಗೆಯೇ ಬಂತು.

ಹಿಂದಿನ ದಿನ ಶಿರ್ವದ ಇಗರ್ಜಿಯ ಹಿಂದೆ ನನ್ನ ಗಂಡ ಫೌಸ್ಟಿನನಿಗೆ ಮಣ್ಣು ಕೊಟ್ಟಿದ್ದೆವು. ನೆಂಟರು ಅವರವರ ಬಸ್ಸು ಹಿಡಿದು ಹೋದರು. ಅತ್ತೆ ಮತ್ತು ನಾನು ಉದ್ಯಾವರದ ಬಾಡಿಗೆ ಮನೆಗೆ ಮರಳಿದೆವು. ಈಗ ಹಾಲು ಬಂತು. ಪಕ್ಕದ ಮನೆಯ ಬಾವಿಯ ರಾಟೆ ಕಿರುಗುಟ್ಟಿತು. ಹೆದ್ದಾರಿಯಲ್ಲಿ ಉಡುಪಿಯ ಬಸ್ಸು ನಿಂತಿತು. ಕಂಡಕ್ಟರ್ ಎರಡು ವಿಸಿಲ್ ಊದಿದ. ಬಸ್ಸು ಹೊರಟಿತು.

ನಾನು ಚಹಾ ಸುರಿದೆ. ಅತ್ತೆಗೊಂದು ಲೋಟ, ನನಗೊಂದು. ತಪ್ಪಿ ಮೂರನೆಯದನ್ನು ಇಟ್ಟುಬಿಡುತ್ತೇನೆಂದು ಹೆದರಿದ್ದೆ. ಇಡಲಿಲ್ಲ. ನನ್ನ ಕೈಗೆ ನನಗಿಂತ ಮೊದಲೇ ಎಲ್ಲ ಗೊತ್ತಾಗಿತ್ತು.

"ಸಕ್ಕರೆ ಹಾಕಿದ್ದೀಯಾ?" ಅತ್ತೆ ಕೇಳಿದರು.

"ಹಾಕಿದ್ದೇನೆ."

ಅವರು ಒಂದು ಗುಟುಕು ಕುಡಿದು ಸಕ್ಕರೆ ಡಬ್ಬಿಯನ್ನು ತಾವೇ ಎಳೆದುಕೊಂಡರು.

ಜನ ಮಾತನಾಡಿದರೆ ನನಗೆ ತುಂಡು ತುಂಡಾಗಿ ಕೇಳುತ್ತಿತ್ತು. ಪಾದ್ರಿಗಳ ಮಾತು ಹಾಗೆ, ನನ್ನ ಅಮ್ಮನ ಅಳುವೂ ಹಾಗೆಯೇ. ನಡುವೆ ನಡುವೆ ಯಾರೋ ಕತ್ತರಿಸಿ ತೆಗೆದ ಹಾಗೆ. ನಾನು ಅತ್ತಿರಲಿಲ್ಲ. ಅಳು ಬರುವ ದಾರಿಯಲ್ಲಿ ಎಲ್ಲೋ ಒಂದು ಗುಡ್ಡ ಇತ್ತು.

ಕಿಟಕಿಯ ಬಳಿಯ ಮೇಜಿನ ಮೇಲೆ ಅವನ ವಯರ್‌ಲೆಸ್ ಸೆಟ್ಟು, ಅದರ ಪಕ್ಕದಲ್ಲಿ ಮೈಕ್. ಭಾರದ ಮೈಕ್. ಉಕ್ಕಿನ ತಲೆ, ಜಾಲರಿಯ ಒಂದು ಬದಿ ಸ್ವಲ್ಪ ತಗ್ಗು.

"ಇದು ಯಾರದ್ದು?" ಅತ್ತೆ ಕೇಳಿದರು.

"ಕಾಪುವಿನ ಮುದ್ದಣ್ಣನದ್ದು. ಮೈಕ್ ಸೆಟ್ಟಿನವರು. ಫೌಸ್ಟಿನ್ ಎರವಲು ತಂದದ್ದು."

"ಹಾಗಾದರೆ ಕೊಟ್ಟುಬಿಡು ಝೀಟಾ. ಅವನ ಕೈಯಲ್ಲಿ ಬೇರೆಯವರ ವಸ್ತು ಉಳಿಯಬಾರದು."

"ಕೊಡ್ತೇನೆ."

ಅವರು ಲೋಟ ತೊಳೆಯಲು ಎದ್ದು ಹೋದ ಮೇಲೆ ನಾನು ಮೈಕನ್ನು ಎತ್ತಿ ಮೂಗಿನ ಹತ್ತಿರ ಹಿಡಿದೆ. ಲವಂಗದ ವಾಸನೆ. ಮಾತನಾಡುವ ಮೊದಲು ಫೌಸ್ಟಿನ್ ಒಂದು ಲವಂಗ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅವನ ಅಂಗಿಗಳನ್ನು ಆಸ್ಪತ್ರೆಯಿಂದ ಬಂದ ದಿನವೇ ಯಾರೋ ಒಗೆದುಬಿಟ್ಟಿದ್ದರು. ಅವನ ಉಸಿರು ಉಳಿದಿದ್ದ ಜಾಗ ಇದೊಂದೇ.

ಕೊಡಬೇಕೆಂದು ಗೊತ್ತಿತ್ತು. ಕೊಡಲು ಮನಸ್ಸಿರಲಿಲ್ಲ.

*

ಈ ಮೈಕಿನಿಂದಲೇ ಅವನು ನನಗೆ ಸಿಕ್ಕಿದ್ದು.

ಆಗ ನಾನು ಮಂಗಳಗಂಗೋತ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ಉಡುಪಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಲು ಸೇರಿದ್ದ ಹೊಸತು. ನನ್ನ ತವರು ಕಾಪು. ಬೆಳಿಗ್ಗೆ ಬಸ್ಸಿಗಾಗಿ ಸ್ಟಾಪಿನಲ್ಲಿ ನಿಂತಿದ್ದೆ. ಒಂದು ಬಸ್ಸು ನಿಲ್ಲಿಸದೆ ಹೋಗಿತ್ತು, ಹಾಗಾಗಿ ಸಿಟ್ಟಿನಲ್ಲಿದ್ದೆ.

ದೂರದಿಂದ ಒಂದು ಕಪ್ಪು ಅಂಬಾಸಿಡರ್ ನಿಧಾನವಾಗಿ ಬಂತು. ಅದರ ತಲೆಯ ಮೇಲೆ ಎರಡು ದೊಡ್ಡ ಹಾರ್ನು. ಮುದ್ದಣ್ಣನ ಕಾರು ಊರಿಗೆಲ್ಲ ಪರಿಚಯ. ಯಕ್ಷಗಾನದ್ದೋ ಸಿನೆಮಾದ್ದೋ ಪ್ರಚಾರ ಇರಬೇಕೆಂದು ಎಲ್ಲರೂ ಆ ಕಡೆ ತಿರುಗಿದರು.

ಹಾರ್ನು ಮಾತನಾಡಿತು.

"ಸಿರಿಲ್, ಈಗ ಕಾಪು ಬಸ್ ಸ್ಟಾಪಿನ ಎದುರು ಬರ್ತಾ ಇದ್ದೇನೆ. ಗುರುತು ಇಟ್ಟುಕೋ. ಸ್ಟಾಪಿನಲ್ಲಿ ಒಬ್ಬಳು ಹುಡುಗಿ ಉಂಟು. ನೀಲಿ ಸೀರೆ, ಕೈಯಲ್ಲಿ ಕೊಡೆ, ಮುಖದಲ್ಲಿ ಸಿಟ್ಟು. ಸಿಟ್ಟಿದ್ದರೂ ನೋಡ್ಲಿಕ್ಕೆ ಚಂದ ಉಂಟು ಮಾರಾಯ. ಕೇಳ್ತದಾ?"

ಸ್ಟಾಪಿನಲ್ಲಿದ್ದವರೆಲ್ಲ ನನ್ನ ಸೀರೆ ನೋಡಿದರು. ಮೀನಿನ ಬುಟ್ಟಿ ಇಳಿಸಿ ಕುಳಿತಿದ್ದ ಹೆಂಗಸರು ನನ್ನ ಮುಖ ನೋಡಿದರು.

"ಕೇಳ್ತದಾ?" ಹಾರ್ನು ಮತ್ತೆ ಕೇಳಿತು.

"ಇಲ್ಲ," ಎಂದು ನಾನು ರಸ್ತೆಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದೆ.

ಕಾರು ನಿಂತಿತು. ಹಿಂದಿನ ಸೀಟಿನಿಂದ ಒಬ್ಬ ತೆಳ್ಳಗಿನವನು ಇಳಿದ. ಗುಂಗುರು ಕೂದಲು. ಕೈಯಲ್ಲಿ ಮೈಕ್, ಅದರ ವಯರು ಅವನನ್ನು ಕಾರಿಗೆ ಕಟ್ಟಿಹಾಕಿದಂತೆ ಎಳೆಯುತ್ತಿತ್ತು.

"ನಿಮಗೆ ಹೇಗೆ ಕೇಳಿತು?" ಅವನ ಮುಖದಲ್ಲಿ ನಿಜವಾದ ಆಶ್ಚರ್ಯ.

"ನನಗೆ ಮಾತ್ರ ಅಲ್ಲ. ಉಚ್ಚಿಲದವರೆಗೆ ಕೇಳಿರ್ತದೆ."

ಅವನು ತಲೆಯೆತ್ತಿ ಹಾರ್ನು ನೋಡಿದ. ಆಮೇಲೆ ಡ್ರೈವರ್ ಸೀಟಿನಲ್ಲಿ ಬೀಡಿ ಹಚ್ಚುತ್ತಿದ್ದ ಮುದ್ದಣ್ಣನನ್ನು ನೋಡಿದ. "ಹಾರ್ನಿನ ವಯರ್ ತೆಗೀಲಿಲ್ವಾ ಮುದ್ದಣ್ಣ?"

"ನೀವು ಹೇಳಲಿಲ್ಲ ಪೊರ್ಬುಗಳೇ. ನನ್ನ ಕಾರು ಇರೋದೇ ಊರಿಗೆ ಕೇಳ್ಲಿಕ್ಕೆ."

ತುಳುವರು ನಮ್ಮ ಕ್ರೈಸ್ತರ ಗಂಡಸರನ್ನು ಪೊರ್ಬುಗಳು ಎನ್ನುತ್ತಾರೆ, ಹೆಂಗಸರನ್ನು ಬಾಯಮ್ಮ. ಮುದ್ದಣ್ಣ ನನ್ನ ಕಡೆ ತಿರುಗಿ, "ಬಾಯಮ್ಮ, ಇವರು ಜನ ಒಳ್ಳೆಯವರು. ಮಣಿಪಾಲದಲ್ಲಿ ಲೆಕ್ಚರರ್. ಓಡುವ ಕಾರಿನಿಂದ ಓಡುವ ಜೀಪಿಗೆ ಮಾತಾಡ್ಲಿಕ್ಕೆ ಹೊರಟಿದ್ದಾರೆ. ಜೀಪಿನವರಿಗೆ ಮಾತ್ರ ಇಷ್ಟರವರೆಗೆ ಒಂದಕ್ಷರ ಕೇಳಲಿಲ್ಲ," ಎಂದ.

ಫೌಸ್ಟಿನ್ ಕಿವಿ ಕೆಂಪು ಮಾಡಿಕೊಂಡು ಕ್ಷಮೆ ಕೇಳಿದ. ಬಹಳ ಸಣ್ಣ ಸ್ವರದಲ್ಲಿ.

"ಇಲ್ಲಿ ಹೇಳಿದ್ದು ಸಾಕಾಗುವುದಿಲ್ಲ," ಎಂದೆ. "ಅದರಲ್ಲೇ ಕೇಳಿ." ಕೊಡೆಯ ತುದಿಯಿಂದ ಹಾರ್ನು ತೋರಿಸಿದೆ.

ಅವನು ಒಂದು ಕ್ಷಣ ನನ್ನನ್ನು ನೋಡಿದ. ಜೇಬಿನಿಂದ ಲವಂಗ ತೆಗೆದು ಬಾಯಿಗೆ ಹಾಕಿಕೊಂಡ. ಮೈಕನ್ನು ಬೆರಳಿನಿಂದ ತಟ್ಟಿದ. ಇಡೀ ಕಾಪು ಪೇಟೆಗೆ ಕೇಳುವಂತೆ ಹೇಳಿದ: "ನೀಲಿ ಸೀರೆಯವರು ದಯಮಾಡಿ ಕ್ಷಮಿಸಬೇಕು. ಸಿಟ್ಟಿನ ವಿಷಯ ಹೇಳಿದ್ದು ತಪ್ಪು. ಚಂದದ ವಿಷಯ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕೇಳ್ತದಾ?"

ಮೀನಿನ ಹೆಂಗಸರು ನಗುತ್ತಿದ್ದರು. ನನ್ನ ಬಸ್ಸು ಬಂತು. ನಾನು ಮೆಟ್ಟಿಲು ಹತ್ತಿ, ತಿರುಗಿ ನೋಡದೆ, "ಇಲ್ಲ," ಎಂದೆ.

ತಿರುಗಿ ನೋಡಲಿಲ್ಲ ಎಂದು ಅವನೊಡನೆ ಕೊನೆಯವರೆಗೂ ವಾದಿಸಿದೆ. ಕಿಟಕಿಯಿಂದ ನೋಡಿದ್ದೆ.

*

ಮರುವಾರ ಅವನು ನನ್ನ ಕಾಲೇಜಿಗೇ ಬಂದ. ತರಂಗಗಳ ಬಗ್ಗೆ ಒಂದು ಪುಸ್ತಕ ಬೇಕಿತ್ತಂತೆ. ಅದು ಅವನ ಕಾಲೇಜಿನಲ್ಲೂ ಇತ್ತೆಂದು ಆಮೇಲೆ ಗೊತ್ತಾಯಿತು.

ಅವನ ಕನಸು ಸಣ್ಣದು. ಕಾರ್ಕಳದ ಕಡೆಯಿಂದ ರೋಗಿಯನ್ನು ತರುವ ಒಂದು ಗಾಡಿ, ಇತ್ತಕಡೆಯಿಂದ ಹೊರಟ ಡಾಕ್ಟರ ಕಾರು. ಎರಡೂ ಓಡುತ್ತಿರುವಾಗಲೇ ಮಾತನಾಡಿಕೊಳ್ಳಬೇಕು: ಎಲ್ಲಿ ಸಂಧಿಸುವುದು, ಏನು ತಯಾರು ಇಟ್ಟುಕೊಳ್ಳುವುದು. ನಿಂತ ಗಾಡಿಯಾದರೆ ಸುಲಭ. ಓಡುವ ಗಾಡಿಗೆ ಮಾತು ಹರಿದು ಚೂರಾಗಿ ತಲುಪುತ್ತಿತ್ತು. ಕಾರ್ಕಳದ ಬಂಡೆಗುಡ್ಡದ ತಿರುವಿನಲ್ಲಂತೂ ಪೂರ್ತಿ ಸತ್ತುಹೋಗುತ್ತಿತ್ತು.

"ಯಾಕೆ ಹಾಗೆ?" ಎಂದು ಕೇಳಿದೆ, ಗೊತ್ತಿದ್ದೂ.

ಅವನು ನನ್ನನ್ನು ಕಾಪುವಿನ ದೀಪಸ್ತಂಭದ ಕೆಳಗೆ ಕರೆದುಕೊಂಡು ಹೋದ. ಬಿಸಿಲು ಇಳಿದಿತ್ತು, ನೀರು ತಾಮ್ರದ ಬಣ್ಣ. ಸಮುದ್ರದಿಂದ ಬರುವ ಅಲೆಯೂ ಬಂಡೆಗೆ ಬಡಿದು ಹಿಂದಿರುಗುವ ಅಲೆಯೂ ಒಂದು ಕಡೆ ಸೇರುತ್ತಿದ್ದವು. ಸೇರಿದಲ್ಲಿ ನೀರು ಚಾಪೆ ಹಾಸಿದಂತೆ ಸುಮ್ಮನಿರುತ್ತಿತ್ತು.

"ನೋಡು, ಅಲ್ಲಿ ಎರಡು ಅಲೆ ಉಂಟು. ಆದರೆ ಅಲ್ಲೇ ನಿಂತವರಿಗೆ ಒಂದೂ ಇಲ್ಲ. ಒಂದನ್ನೊಂದು ನುಂಗಿಬಿಟ್ಟಿವೆ." ಅವನು ನನ್ನ ಕೈ ಹಿಡಿದ. "ಒಂದು ಹೆಜ್ಜೆ ಈಚೆ ಬಾ."

ನಾನು ಬಂದೆ. ಅಲೆಯೊಂದು ಮೊಣಕಾಲಿನವರೆಗೆ ಎದ್ದು ಸೀರೆ ಒದ್ದೆ ಮಾಡಿತು.

"ಇದು ಬಿ.ಎಸ್ಸಿ. ಎರಡನೇ ವರ್ಷದ ಪಾಠ," ಎಂದೆ. "ನಾನೇ ಕಲಿಸ್ತೇನೆ."

"ಗೊತ್ತು. ಕೈ ಹಿಡೀಲಿಕ್ಕೆ ಬೇರೆ ಪಾಠ ಸಿಗಲಿಲ್ಲ."

ಕೈ ಬಿಡಲಿಲ್ಲ. ನಾನೂ ಪಾಠ ಮುಗಿಯಿತೆಂದು ಹೇಳಲಿಲ್ಲ.

ಆ ಸಂಜೆಯ ನಂತರ ಅವನು ಅಂಬಾಸಿಡರಿನ ಮೇಲೆ ಒಂದಲ್ಲ, ಎರಡು ಏರಿಯಲ್ ನಿಲ್ಲಿಸಿದ, ಸ್ವಲ್ಪ ಅಂತರ ಬಿಟ್ಟು. ಒಂದು ಸುಮ್ಮನಿರುವ ನೀರಿನಲ್ಲಿ ನಿಂತಿದ್ದಾಗ ಇನ್ನೊಂದಾದರೂ ಅಲೆಯಲ್ಲಿರುತ್ತದೆ. ಸೆಟ್ಟು ಎರಡರಲ್ಲಿ ಯಾವುದು ಕೇಳುತ್ತಿದೆಯೋ ಅದಕ್ಕೆ ಕಿವಿ ಕೊಡಬೇಕು.

"ಎರಡು ಇದ್ದರೆ ಒಳ್ಳೆಯದು," ಎಂದ. ನನ್ನನ್ನೇ ನೋಡುತ್ತ ಹೇಳಿದ.

*

ರಜೆಯ ದಿನಗಳಲ್ಲಿ ನಾನೂ ಅವರ ಜೊತೆ ಹೊರಟೆ. ಮುದ್ದಣ್ಣನ ಕಾರಿನಲ್ಲಿ ನಾನು, ಕಾಲೇಜಿನ ಜೀಪಿನಲ್ಲಿ ಫೌಸ್ಟಿನ್. ಜೀಪು ಓಡಿಸುವವನು ಅವನ ಲ್ಯಾಬಿನ ಗೆಳೆಯ ಸಿರಿಲ್. ಮುದ್ದಣ್ಣನ ಮೈಕ್ ಒಂದು ಗಾಡಿಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು, ಅದಿಲ್ಲದ ಗಾಡಿಗೆ ಕಾಲೇಜಿನ ಮೈಕ್. ಅದು ರಸ್ತೆಯ ಗಡಗಡ ಸದ್ದನ್ನು ಹಿಡಿಯುತ್ತಿರಲಿಲ್ಲ, ಮಾತನ್ನು ಮಾತ್ರ ಹಿಡಿಯುತ್ತಿತ್ತು. "ಎರಡು ದಿನಕ್ಕೆ ಕೊಡಿ ಮುದ್ದಣ್ಣ," ಎಂದು ತಂದದ್ದು.

ಅಂದು ಬೆಳ್ಮಣ್ ದಾಟಿ ಕಾರ್ಕಳದ ಕಡೆ ಹೋಗುತ್ತಿದ್ದೆವು. ಜೀಪು ಮುಂದೆ, ನಾವು ಹಿಂದೆ. ಬೆಳ್ಳಗಿನ ಬಿಸಿಲು, ಗೇರು ಮರಗಳು ಹೂ ಬಿಟ್ಟಿದ್ದವು. ಸ್ಪೀಕರಿನಲ್ಲಿ ಅವನ ಸ್ವರ ಬರುತ್ತಿತ್ತು, ಹೋಗುತ್ತಿತ್ತು.

"ಝೀಟಾ... ಒಂದು ವಿಷಯ... ಅಮ್ಮನಿಗೆ ಹೇಳಿದ್ದೇನೆ... ನನ್ನನ್ನು... ಆಗ್ತೀಯಾ?"

ಅರ್ಥವಾಗಲು ಪೂರ್ತಿ ವಾಕ್ಯ ಬೇಕಿರಲಿಲ್ಲ. ಗುಂಡಿ ಒತ್ತಿ, ಮೇಷ್ಟರ ಸ್ವರದಲ್ಲಿ ಹೇಳಿದೆ: "ಸರಿಯಾಗಿ ಕೇಳಲಿಲ್ಲ. ಪುನಃ ಹೇಳಿ."

ಅವನು ಗಟ್ಟಿಯಾಗಿ ಹೇಳಿದ. ಇನ್ನೂ ಹೆಚ್ಚು ಒಡೆಯಿತು.

"ಪುನಃ."

"ಬಾಯಮ್ಮ," ಮುದ್ದಣ್ಣ ಸ್ಟೇರಿಂಗ್ ಬಿಡದೆ ಹೇಳಿದ, "ನನಗೇ ಕೇಳಿತು."

"ಹೌದಾ? ನನಗೆ ಕೇಳಲಿಲ್ಲ."

"ಆ ಜನ ಕೂಗಿ ಕೂಗಿ ಗಂಟಲು ಬೀಳ್ತದೆ. ಪಾಪ ಅಲ್ವಾ?"

ಬಂಡೆಗುಡ್ಡದ ತಿರುವು ಹತ್ತಿರ ಬಂತು. ಸ್ಪೀಕರಿನಲ್ಲಿ ಮಳೆಯಂಥ ಸದ್ದು ಮಾತ್ರ. ಆ ಸದ್ದಿನ ನಡುವೆ ಅವನು ಕೊನೆಯ ಬಾರಿ ಹೇಳಿದ್ದು ಇಷ್ಟು: "...ವಿಸಿಲ್... ಹೌದಾದರೆ ಎರಡು..."

ನಮ್ಮ ಕಡೆಯ ಬಸ್ಸಿನ ವಿಸಿಲು. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಹುಟ್ಟಿದ ಮಗುವಿಗೂ ಗೊತ್ತು. ನನ್ನಲ್ಲಿ ವಿಸಿಲ್ ಎಲ್ಲಿ? ಮೈಕಿನ ಗುಂಡಿಯನ್ನು ಒತ್ತಿ ಬಿಟ್ಟೆ. ಮತ್ತೆ ಒತ್ತಿ ಬಿಟ್ಟೆ. ಟಕ್, ಟಕ್.

ತಿರುವಿನಾಚೆ ಮತ್ತೆ ಕಾಣಿಸಿದ ಜೀಪು ರಸ್ತೆಯಲ್ಲಿ ಹಾವಿನ ಹಾಗೆ ಹೊರಳುತ್ತಿತ್ತು. ಸಿರಿಲ್ ಆಮೇಲೆ ಹೇಳಿದ: "ನಿನ್ನ ಗಂಡ ಆಗುವವನು ಬಗ್ಗಿ ನನ್ನ ಕೈಯಲ್ಲಿದ್ದ ಸ್ಟೇರಿಂಗಿಗೇ ಮುತ್ತು ಕೊಟ್ಟ ಮಾರಾಯ್ತಿ."

ಗುಡ್ಡದ ಆಚೆ ಇಳಿದು ನಾವು ಎದುರುಬದುರು ನಿಂತಾಗ ಫೌಸ್ಟಿನನಿಗೆ ನಾಚಿಕೆಯೂ ಇತ್ತು, ಬೇರೇನೋ ಹೊಳಪೂ ಇತ್ತು.

"ಬಂಡೆಯ ಹಿಂದೆ ನನ್ನ ಮಾತು ನಿನಗೆ ಬರಲಿಲ್ಲ. ನಿನ್ನ ಎರಡು ಟಕ್ ನನಗೆ ಬಂತು," ಎಂದ. "ಯಾಕೆ ಹೇಳು?"

"ಮಾತಿಗೆ ಅಗಲದ ದಾರಿ ಬೇಕು. ಟಕ್‌ಗೆ ಸಣ್ಣ ಸಂದು ಸಾಕು."

"ಹಾಂ." ಅವನು ಬಂಡೆಯ ಕಡೆ ನೋಡಿದ. "ನಾನು ಇಷ್ಟು ದಿನ ಕೇಳದಿದ್ದರೆ ಗಟ್ಟಿ ಕೂಗ್ತಿದ್ದೆ ಝೀಟಾ. ಕೂಗಬಾರದು. ಕೇಳದಿದ್ದಾಗ ಕಡಿಮೆ ಹೇಳಬೇಕು. ನಿಧಾನ ಹೇಳಬೇಕು. ಪುನಃ ಪುನಃ ಹೇಳಬೇಕು."

"ಈಗ ಇನ್ನೊಮ್ಮೆ ಹೇಳಿ," ಎಂದೆ. "ಇಲ್ಲಿ ಚೆನ್ನಾಗಿ ಕೇಳ್ತದೆ."

ಹೇಳಿದ. ಮುದ್ದಣ್ಣ ಮತ್ತು ಸಿರಿಲ್ ಬೇಕೆಂದೇ ಗೇರು ಮರದ ಕಡೆ ನೋಡುತ್ತ ನಿಂತಿದ್ದರು.

*

ಮದುವೆಗೆ ಮುದ್ದಣ್ಣನೇ ಮೈಕ್ ಹಾಕಿದ. ಆದರೆ ಆ ಮೈಕಲ್ಲ, ಇನ್ನೊಂದು. ಊಟದ ಸಾಲಿನಲ್ಲಿ ಫೌಸ್ಟಿನನ ಕಿವಿಯ ಹತ್ತಿರ ಬಗ್ಗಿ ಕೇಳಿದ: "ಎರಡು ದಿನ ಆಯ್ತಾ ಪೊರ್ಬುಗಳೇ?"

"ಕೊಡ್ತೇನೆ. ಆದರೆ ನಿಮ್ಮ ಕ್ರಮ ಉಂಟಲ್ಲ, ಅದೇ ಕಷ್ಟ."

ಮುದ್ದಣ್ಣನ ಸೆಟ್ಟಿಗೆ ಒಂದು ಕ್ರಮ ಇತ್ತು. ಅವನಿಂದ ಹೋದ ಮೈಕ್ ಹಿಂದೆ ಬರುವಾಗ ಕೊಂಡುಹೋದವರೇ ಅದರಲ್ಲಿ ಒಂದು ಮಾತು ಆಡಿ ಒಪ್ಪಿಸಬೇಕು. ಹಾರ್ನಿನಲ್ಲಿ ಆ ಮಾತು ಸರಿಯಾಗಿ ಕೇಳಿದರೆ ಮಾತ್ರ ಅವನು ಕೈ ಚಾಚುತ್ತಿದ್ದ. ಹಾಳು ಮಾಡಿ ಕೊಟ್ಟರು, ಇಲ್ಲ ಕೊಡುವಾಗಲೇ ಹಾಳಾಗಿತ್ತು ಎಂಬ ಜಗಳ ಬೇಡವೆಂದು.

"ಒಂದು ಮಾತು ಹೇಳ್ಲಿಕ್ಕೆ ಎಂತ ಕಷ್ಟ?"

"ಒಳ್ಳೆಯ ಮಾತು ಇನ್ನೂ ಸಿಗಲಿಲ್ಲ," ಎಂದ ಫೌಸ್ಟಿನ್. "ಸಿಕ್ಕಿದ ದಿನ ತಂದು ಒಪ್ಪಿಸ್ತೇನೆ."

ಮೈಕ್ ನಮ್ಮ ಮನೆಯ ಮೇಜಿನ ಮೇಲೆ ಸಂಸಾರಸ್ಥನಂತೆ ಕುಳಿತಿತು.

ಸಂಜೆಗಳಲ್ಲಿ ಅವನು ಸೆಟ್ಟಿನ ಮುಂದೆ ಬಗ್ಗಿರುತ್ತಿದ್ದ, ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಬೆಸುಗೆಯ ಕಾದ ಸೀಸದ ವಾಸನೆ, ಲವಂಗದ ವಾಸನೆ. ಅವನ ಹೊಸ ಸೆಟ್ಟಿನಲ್ಲಿ ಕೇಳುವ ಗಾಡಿ ಸುಮ್ಮನಿರುವಂತಿಲ್ಲ. ಕಥೆ ಕೇಳುವವರು ಹೂಂಗುಟ್ಟುವ ಹಾಗೆ ಅದು ಸಣ್ಣಗೆ ಒಂದು ಸ್ವರ ಕಳುಹಿಸುತ್ತಲೇ ಇರಬೇಕು. ಆ ಹೂಂ ಕ್ಷೀಣವಾದ ಕೂಡಲೇ ಹೇಳುವ ಗಾಡಿಯ ಸೆಟ್ಟಿನೊಳಗೆ ಒಂದು ರಿಲೇ, ತಾನಾಗಿ ಬದಲಾಗುವ ಸ್ವಿಚ್ಚು, ಟಿಕ್ ಎಂದು ಬೀಳಬೇಕು. ಮಾತು ನಿಲ್ಲಬೇಕು, ವಿಸಿಲ್ ಶುರುವಾಗಬೇಕು. ಎರಡು ವಿಸಿಲ್, ಮತ್ತೆ ಎರಡು: ನಾನಿದ್ದೇನೆ, ಬಾ. ಹೂಂ ಪುನಃ ಗಟ್ಟಿಯಾದರೆ ಮಾತು ತಾನಾಗಿ ಮರಳಬೇಕು. ಯಾರೂ ಏನನ್ನೂ ಮುಟ್ಟಬೇಕಾಗಿಲ್ಲ.

ನಾವು ಜಗಳವಾಡಿದಾಗಲೂ ಅವನು ಹಾಗೆಯೇ. ಸ್ವರ ಏರಿಸುತ್ತಿರಲಿಲ್ಲ. ಅಡಿಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. "ಝೀಟಾ," ಎನ್ನುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಝೀಟಾ." ಅದಕ್ಕೂ ನಾನು ತಿರುಗದಿದ್ದರೆ ನಾಲಿಗೆಯಲ್ಲೇ ಎರಡು ಸಲ ಟಕ್, ಟಕ್.

ಕೆಲವು ಸಲ ಆ ಟಕ್ ಕೇಳಲಿಕ್ಕೆಂದೇ ನಾನು ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ.

"ಕೇಳ್ತದಾ?"

"ಇಲ್ಲ."

ಒಂದು ಸಂಜೆ ಅವನು ಇಕ್ಕಳ ಕೆಳಗಿಟ್ಟು, ಬೆನ್ನು ನೇರ ಮಾಡಿ, "ಮುಗಿಯಿತು," ಎಂದ. "ಇನ್ನು ಕಾರ್ಕಳದ ಬಂಡೆಯ ಹಿಂದೆ ಓಡಿಸಿ ನೋಡುವುದೊಂದು ಬಾಕಿ. ಭಾನುವಾರ ಹೋಗುವ." ಹೇಳುವಾಗ ಅವನ ಕಣ್ಣು ಕೆಂಪಗಿತ್ತು. ಹಣೆ ಮುಟ್ಟಿದೆ. ಸುಡುತ್ತಿತ್ತು.

ಭಾನುವಾರ ಆಸ್ಪತ್ರೆಯಲ್ಲಿ ಅವನಿಗೆ ಪ್ರಜ್ಞೆ ಬರುತ್ತಿತ್ತು, ಹೋಗುತ್ತಿತ್ತು. ನಾನು ಕೈ ಹಿಡಿದುಕೊಂಡು ಏನೇನೋ ಹೇಳುತ್ತಿದ್ದೆ. ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ್ದು, ಅವನ ಮೆಚ್ಚಿನ ಬಂಗುಡೆ ಪೇಟೆಗೆ ಬಂದದ್ದು. ಅವನು ಹೂಂ ಎನ್ನುತ್ತಿದ್ದ. ಹೂಂ ಸಣ್ಣದಾಗುತ್ತ ಹೋಯಿತು. ಸಂಜೆಯ ಬಿಸಿಲು ಹಾಸಿಗೆಯ ಮೇಲೆ ಬಿದ್ದಾಗ ಹೂಂ ಇರಲಿಲ್ಲ. ನನ್ನ ಬೆರಳನ್ನು ಒತ್ತಿದ. ಸ್ವಲ್ಪ ಬಿಟ್ಟು ಇನ್ನೊಮ್ಮೆ ಒತ್ತಿದ.

ಆಮೇಲೆ ಒತ್ತಲಿಲ್ಲ.

*

ಮಣ್ಣು ಕೊಟ್ಟು ವಾರ ಕಳೆದ ಮೇಲೆ ಸಿರಿಲ್ ಮನೆಗೆ ಬಂದ. ಅತ್ತೆ ಕೊಟ್ಟ ಚಹಾ ಹಿಡಿದುಕೊಂಡು ಮೇಜಿನ ಎದುರು ಕುಳಿತ.

"ಝೀಟಾ, ಸೆಟ್ಟು ಎರಡನ್ನೂ ಕಾಲೇಜಿಗೆ ಹಿಂದೆ ಒಪ್ಪಿಸಬೇಕು. ಮುಗಿಯದ ಕೆಲಸ ಅಂತ ಬಿಚ್ಚಿ ಸಾಮಾನು ಸ್ಟೋರಿಗೆ ಹಾಕ್ತಾರೆ. ನಾನು ಮಾತಾಡಿ ನೋಡಿದೆ."

"ಮುಗಿದಿದೆ."

"ಓಡುವ ಗಾಡಿಯಲ್ಲಿ ನೋಡಲಿಲ್ಲವಲ್ಲ. ಬಂಡೆಯ ಹಿಂದೆ ಕೇಳಿಸಿತು ಅಂತ ನಾನು ಹೇಗೆ ಬರೆದುಕೊಡಲಿ?"

"ಹಾಗಾದರೆ ನೋಡುವ," ಎಂದೆ.

ಅವನು ತಲೆಯೆತ್ತಿದ. ನಾನು ಮೇಜಿನ ಕಡೆ ನೋಡುತ್ತಿದ್ದೆ. ಬಂಡೆಯ ಹಿಂದೆ ಕೇಳಿಸಿದರೆ ಸೆಟ್ಟು ಉಳಿಯುತ್ತದೆ. ಫೌಸ್ಟಿನ್ ಮುಗಿಯಿತೆಂದದ್ದು ನಿಜವಾಗುತ್ತದೆ. ಇಲ್ಲದಿದ್ದರೆ ಅವನ ಸಂಜೆಗಳೆಲ್ಲ ಸ್ಟೋರಿನ ಡಬ್ಬಿಯಲ್ಲಿ ಬಿಡಿ ಬಿಡಿ ಸಾಮಾನು. ನನಗೆ ಇನ್ನೊಂದೂ ಇತ್ತು. ಪರೀಕ್ಷೆಗೆ ಮೈಕ್ ಬೇಕು. ಹಾಗಾಗಿ ಅದನ್ನು ಇನ್ನೂ ಕೊಡಬೇಕಾಗಿಲ್ಲ.

ಮುದ್ದಣ್ಣ ಕರೆದ ಕೂಡಲೇ ಬಂದ. ಹಾರ್ನು ಇಳಿಸಿದ್ದ. ಏರಿಯಲ್‌ಗಳನ್ನು ತಾನೇ ಕಟ್ಟಿದ. ಸಮಾಧಾನದ ಮಾತು ಆಡಲಿಲ್ಲ. "ಬಾಯಮ್ಮ, ಬಾಗಿಲು ಗಟ್ಟಿ ಎಳೀರಿ. ಅದು ಸರಿ ಬೀಳೋದಿಲ್ಲ," ಎಂದಷ್ಟೇ ಹೇಳಿದ. ಎಲ್ಲರಿಗಿಂತ ಸ್ಪಷ್ಟವಾಗಿ ಕೇಳಿದ್ದು ಅದೇ ಮಾತು.

ಜೀಪು ಮುಂದೆ, ನಾವು ಹಿಂದೆ. ಅದೇ ರಸ್ತೆ. ಈ ಸಲ ಗೇರಿನ ಹೂ ಮುಗಿದು ಹಣ್ಣಾಗಿದ್ದವು. ಗಾಳಿಯಲ್ಲಿ ಅದರ ಒಗರು ಸಿಹಿ ವಾಸನೆ. ಮೈಕ್ ನನ್ನ ಮಡಿಲಲ್ಲಿ ಮಲಗಿತ್ತು. ಮಾತನಾಡಬೇಕಾದವನು ಸಿರಿಲ್, ಅವನು ಕಾಣುವ ಗುರುತುಗಳನ್ನು ಹೇಳುತ್ತ ಹೋಗಬೇಕು. ನನ್ನ ಸೆಟ್ಟು ಹೂಂಗುಟ್ಟುತ್ತಿರಬೇಕು.

"ಬೆಳ್ಮಣ್ ದಾಟಿದೆ... ಎಡಕ್ಕೆ ಶಾಲೆ... ಎತ್ತಿನ ಗಾಡಿಯೊಂದು ಎದುರು ಬಂತು..." ಸಿರಿಲನ ಸ್ವರ ಸ್ವಚ್ಛವಾಗಿತ್ತು. ಒಂದು ಏರಿಯಲ್‌ನಿಂದ ಇನ್ನೊಂದಕ್ಕೆ ಸೆಟ್ಟು ಜಾರುವುದು ಕೂಡ ಗೊತ್ತಾಗಲಿಲ್ಲ.

ಬಂಡೆಗುಡ್ಡ ಎದ್ದು ನಿಂತಿತು. ಕಪ್ಪಗೆ, ಬಿಸಿಲಲ್ಲಿ ನುಣುಪಾಗಿ. ಜೀಪು ತಿರುವಿನಲ್ಲಿ ಮರೆಯಾಯಿತು.

"ಈಗ ಬಂಡೆಯ ಹಿಂದೆ... ಬಲಕ್ಕೆ..."

ಸ್ವರ ಹರಿಯಿತು. ಚೂರಾಯಿತು. ಮಳೆಯ ಸದ್ದು. ಆಮೇಲೆ ಅದೂ ಇಲ್ಲ.

ಮುದ್ದಣ್ಣ ಕಾರು ನಿಧಾನ ಮಾಡಿದ. ಕಾರು ಹೆಚ್ಚುಕಡಿಮೆ ನಿಂತೇಹೋಯಿತು. ನಾನು ಸ್ಪೀಕರಿನ ಜಾಲರಿಯನ್ನು ನೋಡುತ್ತಿದ್ದೆ. ಏನೂ ಇರಲಿಲ್ಲ. ಇಷ್ಟು ದಿನ ನನ್ನ ಒಳಗೆ ಇದ್ದದ್ದು ಇದೇ ನಿಶ್ಶಬ್ದ. ನನಗೆ ಅದು ಚೆನ್ನಾಗಿ ಗೊತ್ತಿತ್ತು.

ಆಗ ಬಂತು. ಬಹಳ ಸಣ್ಣಗೆ, ಯಾರೋ ದೂರದ ಗದ್ದೆಯ ಆಚೆ ನಿಂತು ಊದಿದಂತೆ.

ಎರಡು ವಿಸಿಲ್.

ಮೌನ. ಮತ್ತೆ ಎರಡು.

ಸಿರಿಲ್ ಏನನ್ನೂ ಮುಟ್ಟಿರಲಿಲ್ಲ. ಫೌಸ್ಟಿನ್ ಕಾಯಿಸಿ ಕೂಡಿಸಿದ ರಿಲೇ ಅಲ್ಲಿ ಟಿಕ್ ಎಂದು ಬಿದ್ದಿತ್ತು.

ಮತ್ತೆ ಎರಡು.

ಮುದ್ದಣ್ಣ ನನ್ನ ಕಡೆ ನೋಡಲಿಲ್ಲ. ಜೀವಮಾನವಿಡೀ ಬಸ್ಸಿನ ರಸ್ತೆಯಲ್ಲಿ ಓಡಾಡಿದ ಮನುಷ್ಯ. ಆ ಸದ್ದಿಗೆ ಅವನ ಕೈ ತಾನಾಗಿ ಗಿಯರಿಗೆ ಹೋಯಿತು. "ರೈಟ್, ಪೋಯಿ," ಎಂದು ತುಳುವಿನಲ್ಲಿ ಮೆಲ್ಲಗೆ ಅಂದುಕೊಂಡ. ಹೋಗೋಣ ಎಂದರ್ಥ.

ಕಾರು ಮುಂದೆ ಚಲಿಸಿತು.

ನನ್ನ ಬೆರಳಲ್ಲಿ ಫೌಸ್ಟಿನ್ ಎರಡು ಸಲ ಒತ್ತಿದ ಜಾಗ ಬಿಸಿಯಾಯಿತು. ಅಂದು ನಾನು ಅದನ್ನು ಕೈ ಬಿಡಬೇಡ ಎಂದು ತಿಳಿದುಕೊಂಡಿದ್ದೆ. ಅಂದಿನಿಂದ ಬಿಡದೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ತಿರುವು ಮುಗಿಯುವವರೆಗೆ ವಿಸಿಲ್ ನಮ್ಮನ್ನು ಎಳೆದುಕೊಂಡು ಹೋಯಿತು. ಆಮೇಲೆ ಸಿರಿಲನ ಸ್ವರ ಒಮ್ಮೆಲೇ ತುಂಬಿ ಬಂತು. "ಝೀಟಾ, ಅದು ತಾನಾಗಿ ಊದಿತು. ನಾನು ಮುಟ್ಟಲಿಲ್ಲ. ಕೇಳ್ತದಾ?"

ಆ ಪ್ರಶ್ನೆಗೆ ಇನ್ನೊಬ್ಬರಿಗೆ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಗುಂಡಿಯನ್ನು ಎರಡು ಸಲ ಒತ್ತಿದೆ.

ಆಗ ಅಳು ಬಂತು. ಮುದ್ದಣ್ಣ ರಸ್ತೆಯನ್ನೇ ನೋಡುತ್ತ ಬಹಳ ನಿಧಾನವಾಗಿ ಕಾರು ಓಡಿಸಿದ.

*

ಸೆಟ್ಟುಗಳು ಕಾಲೇಜಿನಲ್ಲಿ ಉಳಿದವು, ಬಿಚ್ಚದೆ. ಸಿರಿಲ್ ಮುಂದುವರಿಸುತ್ತಾನೆ. ರಜೆಯಲ್ಲಿ ನಾನೂ ಹೋಗುತ್ತೇನೆಂದು ಹೇಳಿದ್ದೇನೆ.

ಮೈಕನ್ನು ಫೌಸ್ಟಿನನ ಟವೆಲಿನಲ್ಲಿ ಸುತ್ತಿಕೊಂಡು ಒಂದು ಸಂಜೆ ಕಾಪುವಿಗೆ ಹೋದೆ. ಮುದ್ದಣ್ಣ ಅಂಗಳದಲ್ಲಿ ಅಂಬಾಸಿಡರಿನ ಮೇಲೆ ಹಾರ್ನು ಕಟ್ಟುತ್ತಿದ್ದ. ಮರುದಿನ ವಾಲಿಬಾಲ್ ಟೂರ್ನಮೆಂಟಿನ ಪ್ರಚಾರ ಇತ್ತು.

"ಎಂತಕ್ಕೆ ಬಾಯಮ್ಮ ಅವಸರ? ಇರಲಿ ಬೇಕಾದರೆ," ಎಂದ.

"ಬೇಡ. ಕೊಡುವ ಅಂತ ಬಂದೆ."

ಅವನು ತಲೆ ಕೆರೆದುಕೊಂಡ. ಕೈ ಚಾಚಲಿಲ್ಲ. ಕ್ರಮವನ್ನು ಕೇಳಲೂ ಆಗದೆ, ಬಿಡಲೂ ಆಗದೆ ನಿಂತಿದ್ದ.

"ವಯರ್ ಸಿಕ್ಕಿಸಿ," ಎಂದೆ.

ಸಿಕ್ಕಿಸಿದ. ಆಮೇಲೆ ಎಂದಿನಂತೆ ಕೇಳಿ ನೋಡಲು ರಸ್ತೆ ದಾಟಿ ಆಚೆ ಬದಿಗೆ ಹೋಗಿ ನಿಂತ, ನಮ್ಮ ಹಳೆಯ ಬಸ್ ಸ್ಟಾಪಿನ ಹತ್ತಿರ. ತೆಂಗಿನ ಮರಗಳ ಹಿಂದೆ ಸಮುದ್ರ ತಾಮ್ರದ ಬಣ್ಣಕ್ಕೆ ತಿರುಗುತ್ತಿತ್ತು. ದೀಪಸ್ತಂಭ ಇನ್ನೂ ಬೆಳಗಿರಲಿಲ್ಲ.

ಫೌಸ್ಟಿನ್ ಹುಡುಕುತ್ತಿದ್ದ ಒಳ್ಳೆಯ ಮಾತು ನನಗೂ ಸಿಕ್ಕಿರಲಿಲ್ಲ. ಜೇಬಿಲ್ಲದ ಸೀರೆಯ ಸೆರಗಿನ ಗಂಟಿನಿಂದ ಲವಂಗವೊಂದನ್ನು ಬಿಚ್ಚಿ ಬಾಯಿಗೆ ಹಾಕಿಕೊಂಡೆ. ಮೈಕನ್ನು ಬೆರಳಿನಿಂದ ತಟ್ಟಿದೆ. ಸದ್ದು ತೆಂಗಿನ ಮರಗಳಿಗೆ ಬಡಿದು ಹಿಂದಿರುಗಿತು.

"ಕೇಳ್ತದಾ?" ಎಂದೆ.

ನನ್ನ ಸ್ವರ ನನಗೇ ಹೊಸದು. ಅದು ಹೋಗುತ್ತಲೇ ಇತ್ತು, ಪೇಟೆಯ ಮೇಲೆ, ದೋಣಿಗಳ ಮೇಲೆ, ನೀರಿನ ಮೇಲೆ. ಬಸ್ ಸ್ಟಾಪಿನಲ್ಲಿದ್ದವರು ತಿರುಗಿ ನೋಡಿದರು. ನಾನು ಕಾದೆ. ಎಷ್ಟು ಹೊತ್ತು ಬೇಕಾದರೂ ಕಾಯಬಹುದಿತ್ತು, ಆದರೆ ಹೆಚ್ಚು ಕಾಯಲಿಲ್ಲ. ಎರಡನೆಯ ಬಾರಿ ಮೆಲ್ಲಗೆ ಕೇಳಿದೆ.

"ಕೇಳ್ತದಾ?"

ರಸ್ತೆಯ ಆಚೆ ಮುದ್ದಣ್ಣ ತಲೆಗೆ ಸುತ್ತಿದ ಬೈರಾಸು ಬಿಚ್ಚಿ ಮುಖ ಒರೆಸಿಕೊಂಡ. ಈಗ ಅಲ್ಲಿದ್ದವರಲ್ಲಿ, ಅಂದು ಸ್ಟೇರಿಂಗಿನ ಹಿಂದೆ ಕುಳಿತು ಬೀಡಿ ಹಚ್ಚುತ್ತ ಎಲ್ಲವನ್ನೂ ಕೇಳಿದ್ದವನು ಅವನೊಬ್ಬನೇ.

"ಇಲ್ಲ ಬಾಯಮ್ಮ," ಎಂದು ಕೂಗಿ ಹೇಳಿದ. "ಇಲ್ಲ."

ನಾನು ನಕ್ಕೆ. ಆ ನಗುವೂ ಹಾರ್ನಿನಲ್ಲಿ ಹೋಯಿತು.

ಅವನು ರಸ್ತೆ ದಾಟಿ ಬಂದು ಎರಡೂ ಕೈ ಚಾಚಿದ. ನಾನು ವಯರನ್ನು ಬಿಡಿಸಿ, ಸುರುಳಿ ಸುತ್ತಿ, ಮೈಕನ್ನು ಅವನ ಕೈಯಲ್ಲಿಟ್ಟೆ.